ಒಂದೇ ಥಾನು

ಎರಡೂ ದಂಡಿಗೆ ಅಂಗಿ ಹೊಲಿದವಳು ನಾನೇ.
ಚೌಕಿಪೇಟೆಯಿಂದ ತಂದ ಕೋರಾ ಬಟ್ಟೆ, ಒಂದೇ ಥಾನು;
ಅರ್ಧ ಅರಿಶಿನಕ್ಕೆ ಅದ್ದಿದೆ, ಅರ್ಧ ನೀಲಿಗೆ.
ಕಾಲೇಜಿನವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ:
ಹಳದಿ ನಮ್ಮವರು, ನೀಲಿ ಅವರು.

'ನೀವೂ ಬಂದು ನೋಡ್ರೀ ಟೈಲರಕ್ಕಾ' ಅಂದರು.
ಹೋದೆ. ದಾವಣಗೆರೆಯಿಂದ ಮಾಯಕೊಂಡಕ್ಕೆ
ಪ್ಯಾಸೆಂಜರ್ ರೈಲು, ಮಡಿಲಲ್ಲಿ ಸೂಜಿ ದಾರದ ಡಬ್ಬಿ.
ಯುದ್ಧದಲ್ಲಿ ಮೊದಲು ಹರಿಯುವುದು ಬಗಲು.

ಮೆಕ್ಕೆಜೋಳ ಮುರಿದ ಹೊಲ. ಕೂಳೆ ಕಾಲಿಗೆ ಚುಚ್ಚುತ್ತಿತ್ತು.
ಶಾಮಿಯಾನದ ಕೆಳಗೆ ಗಣ್ಯರ ಕುರ್ಚಿ,
ಹೊರಗೆ ನಾವು, ತಲೆಯ ಮೇಲೆ ಸೆರಗು, ಟವೆಲ್ಲು.
ಆನೆಗೆ ಪರವಾನಗಿ ಸಿಗಲಿಲ್ಲವಂತೆ;
ಟ್ರ್ಯಾಕ್ಟರಿಗೆ ಬಿದಿರು ಕಟ್ಟಿ, ಬೂದು ಬಟ್ಟೆ ಹೊದಿಸಿ,
ಡ್ರಿಪ್ಪಿನ ಪೈಪು ಸುತ್ತಿ ಸೊಂಡಿಲು ಮಾಡಿದ್ದರು.
ಕಿವಿ ಮಾತ್ರ ನನ್ನದು: ಶಾಲೆಯ ಪ್ಯಾಂಟಿನ ತುಂಡುಗಳು.

ಮೊದಮೊದಲು ನೀಲಿ ಯಾರಿಗೂ ಬೇಡವಾಗಿತ್ತು.
ದುರ್ಗದ ಕಡೆ ನೂರಿಪ್ಪತ್ತು ಜನ, ಎದುರಿಗೆ ಒಂಬತ್ತು.
ಕೊನೆಗೆ ಕೂಲಿ ಏರಿಸಿದರು:
ಹಳದಿಗೆ ಇನ್ನೂರು, ನೀಲಿಗೆ ಮುನ್ನೂರೈವತ್ತು,
ಊಟ ಎರಡಕ್ಕೂ ಒಂದೇ.
ಮಧ್ಯಾಹ್ನದೊಳಗೆ ಶತ್ರುಸೈನ್ಯ ತುಂಬಿತು.
ದಾದಾಪೀರ ಹಳದಿಯಲ್ಲಿ, ಗಾದಿಲಿಂಗ ನೀಲಿಯಲ್ಲಿ;
ಒಬ್ಬನ ಮುಂಡಾಸು ಇನ್ನೊಬ್ಬ ಕಟ್ಟಿಕೊಡುತ್ತಿದ್ದ
ಹಲ್ಲಿನಲ್ಲಿ ಸೇಫ್ಟಿಪಿನ್ನು ಕಚ್ಚಿಕೊಂಡು.

ಕಹಳೆ. ಮೈಕಿನಲ್ಲಿ ಇತಿಹಾಸದ ಮೇಷ್ಟ್ರು.
ದೀಪಾವಳಿಯಲ್ಲಿ ಉಳಿದ ಪಟಾಕಿ ತೋಪುಗಳಾದವು,
ಹೊಗೆ ಎದ್ದಿತು, ಮಕ್ಕಳು ಕೇಕೆ ಹಾಕಿದವು.
ನಾನು ಮುಖ ನೋಡಲಿಲ್ಲ, ರೂಢಿಯಿಲ್ಲ.
ಮೂವತ್ತೆಂಟು ಎದೆ ಓಡಿತು. ಮೂವತ್ತಾರು ಎದುರು ನಿಂತಿತು.
ಎಡಭುಜ ಜೋತ ಒಬ್ಬ, ಬೆನ್ನು ಗೂನಾದ ಒಬ್ಬ,
ಅಳತೆ ಕೊಡುವಾಗ ಉಸಿರು ಬಿಗಿಹಿಡಿದಿದ್ದ ಒಬ್ಬ
ಈಗ ಬಿಟ್ಟ.
ನನ್ನ ಅಳತೆ ಪುಸ್ತಕದಲ್ಲಿ ಹೆಸರಿದೆ, ಕೊರಳಿದೆ, ತೋಳಿದೆ,
ಯಾವ ಕಡೆ ಅನ್ನುವುದಕ್ಕೆ ಗೆರೆ ಹಾಕಿಲ್ಲ.

ದೊರೆ ಬೀಳುವ ಹೊತ್ತು. ಟ್ರ್ಯಾಕ್ಟರ್ ಆಫಾಯಿತು.
ಡ್ರಿಲ್ ಮೇಷ್ಟ್ರು ಹಾಲಪ್ಪ ಅಂಬಾರಿಯ ಅಂಚಿಗೆ ಬಂದು,
ಕೆಳಗೆ ಹಾಸಿದ್ದ ಹುಲ್ಲಿನ ಹೊರೆ ಒಮ್ಮೆ ನೋಡಿಕೊಂಡು
ಬಿದ್ದರು. ತುಸು ಬದಿಗೇ ಬಿದ್ದರು.
ನಗು ಬರಬೇಕಿತ್ತು, ಯಾರಿಗೂ ಬರಲಿಲ್ಲ.
ಪಕ್ಕದಲ್ಲಿ ಕೂತಿದ್ದ ಹೊಲದೊಡತಿ ತಿಪ್ಪಮ್ಮ
'ಇಲ್ಲೇ ಏನು?' ಅಂದಳು. ಯಾರನ್ನು ಕೇಳಿದಳೋ.
'ಮೂರು ತಲೆಯಿಂದ ಗಳೆ ಹೊಡೀತೀವಿ,
ಒಂದು ಗುಂಡು ಸಿಕ್ಕಿಲ್ಲ, ಒಂದು ಎಲುಬು ಸಿಕ್ಕಿಲ್ಲ.
ಬೆಳಿ ಮಾತ್ರ ಚಲೋ ಬರತೈತಿ.'

ಆಗ ಹೊಲದಂಚಿಗೇ ಬಂತು ಸಂಜೆಯ ರೈಲು,
ಉದ್ದಕ್ಕೆ ಕೂಗಿತು. ಕಿಟಕಿಗಳಲ್ಲಿ ಕೈ,
ಬಾಗಿಲಲ್ಲಿ ಜೋಲಾಡುವ ಕಾಲು, ಸೌತೆಕಾಯಿ ಮಾರುವವನ ಬುಟ್ಟಿ.
ಸತ್ತವರೆಲ್ಲ ತಲೆಯೆತ್ತಿ ನೋಡಿದರು,
ದೊರೆಯೂ ಮೊಳಕೈ ಊರಿ.
ಮೈಕು 'ಮಲಗ್ರೋ, ಮಲಗ್ರೋ' ಅನ್ನುತ್ತಿತ್ತು.
ಕೊನೆಯ ಡಬ್ಬಿ ದಾಟುವವರೆಗೆ
ಯಾರೂ ಮತ್ತೆ ಸಾಯಲಿಲ್ಲ.

ಕತ್ತಲಾಗುವ ಮುಂಚೆ ಅಂಗಿ ಎಣಿಸಿ ಮೂಟೆ ಕಟ್ಟಿದೆ.
ಬೆವರಿಗೆ ಬಣ್ಣ ಬಿಟ್ಟು ಎಲ್ಲಾ ಒಂದು ಥರ ಆಗಿತ್ತು.
ಲೆಕ್ಕಕ್ಕೆ ಒಂದು ಕಡಿಮೆ. ನೀಲಿ, ಎದೆ ಮೂವತ್ತು.

ಹುಡುಕಿದೆ, ಬದುವಿನ ಗುಂಟ, ಪಟಾಕಿಯ ಕಾಗದ ತುಳಿಯುತ್ತ.
ಕೂಳೆಯ ಸಾಲಿನ ನಡುವೆ ಬಿದ್ದುಕೊಂಡಿದ್ದ ಹುಡುಗ,
ಸತ್ತು ಬೇಸರಾಗಿ ನಿಜವಾಗಿ ನಿದ್ದೆ ಹೋಗಿದ್ದ.
ಬಾಯಿ ತೆರೆದಿತ್ತು. ಹೊಟ್ಟೆ ಏರಿ ಇಳಿಯುವುದನ್ನು
ಎರಡು ಸಲ ನೋಡಿದೆ. ಮೂರನೆಯ ಸಲವೂ.

ಮೈಮೇಲಿನ ಬಟ್ಟೆ ಹೊಲಿಯಬಾರದು ಅನ್ನುತ್ತಿದ್ದಳು ಅವ್ವ,
ಹಾಗೆ ಹೊಲಿಸಿಕೊಳ್ಳುವುದು ಹೆಣ ಒಂದೇ;
ಹೊಲಿಯಲೇಬೇಕೆಂದರೆ ಬಾಯಲ್ಲಿ ದಾರ ಕಚ್ಚಿಸು.
ಎಬ್ಬಿಸಿದೆ. ತುಟಿಗೆ ಒಂದೆಳೆ ನೀಲಿ ದಾರ ಕೊಟ್ಟೆ.
ಅದನ್ನು ಕಚ್ಚಿಕೊಂಡೇ ಕೇಳಿದ, ಕಣ್ಣುಜ್ಜುತ್ತ,
'ಯಾರು ಗೆದ್ದರಕ್ಕಾ?'

ಕೈ ಎತ್ತು ಅಂದೆ, ಬಗಲು ಹರಿದೈತಿ.